ಊರ ಹೆಸರಿನ ಜಾಡು ಹಿಡಿಯುವುದು ಹೇಗೆ

ಚಿಕ್ಕಮಗಳೂರಿಗೆ ಆ ಹೆಸರು ಹೇಗೆ ಬಂತು ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. ಸಖರಾಯಪಟ್ಟಣದ ರುಕ್ಮಾಂಗದ ದೊರೆ ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಚಿಕ್ಕಮಗಳೂರು, ಹಿರಿಯ ಮಗಳಿಗೆ ಕೊಟ್ಟದ್ದು ಪಕ್ಕದ ಹಿರೇಮಗಳೂರು. ಕಥೆ ಚೆನ್ನಾಗಿದೆ, ಎರಡೂ ಊರುಗಳು ಇಂದಿಗೂ ಅಕ್ಕಪಕ್ಕದಲ್ಲೇ ಇವೆ. ಆದರೆ ಹಳೆಯ ಶಾಸನಗಳಲ್ಲಿ ಈ ಊರುಗಳ ಹೆಸರು ಕಿರಿಯ ಮುಗುಳಿ, ಪಿರಿಯ ಮುಗುಳಿ ಎಂದಿದೆ. ಅಲ್ಲಿ ಮಗಳ ಸುಳಿವೇ ಇಲ್ಲ. ಮುಗುಳಿ ಎಂಬ ರೂಪ ಜನರ ಬಾಯಿಂದ ಮರೆಯಾದ ಮೇಲೆ ಆ ಜಾಗಕ್ಕೆ ಮಗಳು ಬಂದಿದ್ದಾಳೆ. ಅವಳ ಹಿಂದೆಯೇ ದೊರೆ, ಮದುವೆ, ಬಳುವಳಿ ಎಲ್ಲವೂ ಬಂದಿವೆ.

ವಿಚಿತ್ರವೆನಿಸುವ ಊರ ಹೆಸರಿನ ಬೆನ್ನು ಹತ್ತುವವರು ಮೊದಲು ಗಟ್ಟಿಮಾಡಿಕೊಳ್ಳಬೇಕಾದ ನಿಯಮ ಇದರಲ್ಲೇ ಇದೆ. ಇಂದಿನ ರೂಪವನ್ನು ಒಡೆದು ಅರ್ಥ ಹೇಳಬಾರದು. ಬರಹದಲ್ಲಿ ಸಿಗುವ ಅತಿ ಹಳೆಯ ರೂಪವನ್ನು ಮೊದಲು ಹುಡುಕಬೇಕು, ಅರ್ಥದ ಮಾತು ಆಮೇಲೆ. ಭಾಷಾಶಾಸ್ತ್ರದ ಪದವಿ ಇಲ್ಲದವರೂ ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಬಹುದು. ಬೇಕಾದದ್ದು ಒಂದು ನೋಟ್‌ಪುಸ್ತಕ, ಮೊಬೈಲ್ ಕ್ಯಾಮೆರಾ ಮತ್ತು ಅವಸರವಿಲ್ಲದ ಮನಸ್ಸು.

ಹೆಜ್ಜೆ 1: ಹೆಸರನ್ನು ಕಿವಿಯಿಂದ ಬರೆದುಕೊಳ್ಳಿ

ಬಸ್ಸಿನ ಬೋರ್ಡು, ಮೊಬೈಲ್ ನಕ್ಷೆ, ರಸ್ತೆ ಬದಿಯ ಫಲಕ, ಇವುಗಳನ್ನು ನಂಬಿ ಹೊರಡಬೇಡಿ. ಎಷ್ಟೋ ಊರುಗಳ ಹೆಸರು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಮತ್ತೆ ಕನ್ನಡಕ್ಕೆ ಬಂದಿದೆ. ಹೋಗಿಬರುವಷ್ಟರಲ್ಲಿ ಳಕಾರ ಲಕಾರವಾಗುತ್ತದೆ, ಣಕಾರ ನಕಾರವಾಗುತ್ತದೆ, ದೀರ್ಘ ಹ್ರಸ್ವವಾಗುತ್ತದೆ. ಹಲಸೂರು ಅಲ್ಸೂರ್ ಆದದ್ದು, ಮಡಿಕೇರಿ ಮರ್ಕೆರಾ ಆದದ್ದು ಇಂಗ್ಲಿಷರ ಬಾಯಲ್ಲಿ. 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಕ್ಕೆ ತಕ್ಕಂತೆ ತಿದ್ದಲಾಯಿತು. ಹಳ್ಳಿಗಳ ಹೆಸರನ್ನು ತಿದ್ದುವ ಕೆಲಸ ಬಹುಮಟ್ಟಿಗೆ ಅಲ್ಲಿ ಹುಟ್ಟಿ ಬೆಳೆದವರ ಮೇಲೆಯೇ ಇದೆ.

ಒಂದು ಅಕ್ಷರ ತಪ್ಪಿದರೆ ಅರ್ಥವೇ ತಿರುಗಿಬೀಳುತ್ತದೆ. ಹಾಲೂರು ಎಂದು ಬರೆದುಕೊಂಡರೆ ಹೈನುಗಾರಿಕೆಯ ಊರನ್ನು ಊಹಿಸುತ್ತೀರಿ, ಹಾಳೂರು ಎಂದು ಬರೆದುಕೊಂಡರೆ ಜನ ಬಿಟ್ಟುಹೋದ ಊರನ್ನು. ಆದ್ದರಿಂದ ಊರಿನ ಮೂರು ತಲೆಮಾರಿನವರ ಬಾಯಲ್ಲಿ ಹೆಸರು ಹೇಗೆ ಕೇಳಿಸುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಬರೆದುಕೊಳ್ಳಿ. ಅದಕ್ಕೆ ಅವರು ವಿಭಕ್ತಿ ಹೇಗೆ ಹಚ್ಚುತ್ತಾರೆ ಎಂಬುದನ್ನೂ ಗಮನಿಸಿ. ಹೆಸರನ್ನು ಬಿಡಿಯಾಗಿ ಹೇಳುವಾಗ ನುಂಗಿದ ಅಕ್ಷರ ‘ಆ ಊರಿಗೆ’, ‘ಆ ಊರಿನವರು’ ಎನ್ನುವಾಗ ತಲೆ ಎತ್ತುವುದುಂಟು.

ಅಕ್ಕಪಕ್ಕದ ಭಾಷೆಯವರನ್ನೂ ಕೇಳಿ. ಮಂಗಳೂರು ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ. ಒಂದೇ ಊರಿಗೆ ನಾಲ್ಕು ಹೆಸರಿದ್ದರೆ ನಾಲ್ಕನ್ನೂ ಬರೆದುಕೊಳ್ಳಬೇಕು. ಒಂದನ್ನು ಇನ್ನೊಂದರ ಅಪಭ್ರಂಶ ಎಂದು ತಳ್ಳಿಹಾಕಲು ಈ ಹಂತದಲ್ಲಿ ನಮ್ಮ ಬಳಿ ಯಾವ ಆಧಾರವೂ ಇರುವುದಿಲ್ಲ.

ಹೆಜ್ಜೆ 2: ಕಥೆಯನ್ನು ಪೂರ್ತಿ ಕೇಳಿ, ಬೇರೆ ಪುಟದಲ್ಲಿ ಇಡಿ

‘ಈ ಊರಿಗೆ ಈ ಹೆಸರು ಏಕೆ ಬಂತು?’ ಎಂದು ನೇರವಾಗಿ ಕೇಳಿದರೆ ಎಲ್ಲರೂ ಹೇಳುವ ಕಥೆಯನ್ನೇ ಮತ್ತೊಮ್ಮೆ ಕೇಳಬೇಕಾಗುತ್ತದೆ. ಅದನ್ನು ಕೇಳಿಸಿಕೊಳ್ಳಿ, ಮಧ್ಯದಲ್ಲಿ ತಡೆಯಬೇಡಿ. ಆಮೇಲೆ ಮಾತನ್ನು ನೆಲದ ಕಡೆಗೆ ತಿರುಗಿಸಿ. ‘ಅಜ್ಜಾ, ಚಿಕ್ಕವರಿದ್ದಾಗ ದನ ಹೊಡೆದುಕೊಂಡು ಯಾವ ಕಡೆ ಹೋಗುತ್ತಿದ್ದಿರಿ? ಆ ಜಾಗಕ್ಕೆ ಏನೆನ್ನುತ್ತಾರೆ?’ ‘ಅಮ್ಮಾ, ನೀವು ನಾಟಿಗೆ ಹೋಗುತ್ತಿದ್ದ ಗದ್ದೆಯ ಹೆಸರೇನು? ಅದರ ಆಚೆಯ ಗದ್ದೆಯದು?’ ಇಂಥ ಪ್ರಶ್ನೆಗೆ ಯಾರೂ ಕಥೆ ಕಟ್ಟುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಊರಿನ ದೊಡ್ಡ ಹೆಸರಿಗೆ ಬೇಕಾದ ಸುಳಿವು ಎಷ್ಟೋ ಸಲ ಹೊಲ, ಕಟ್ಟೆ, ದಿಣ್ಣೆ, ಹಳ್ಳಗಳ ಸಣ್ಣ ಹೆಸರುಗಳಲ್ಲಿ ಅಡಗಿರುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಇರುವುದು ಈ ಸಣ್ಣ ಹೆಸರುಗಳ ಬಗ್ಗೆ. ಊರಿನ ಹೆಸರು ಸರ್ಕಾರದ ಕಾಗದದಲ್ಲಿ ಉಳಿಯುತ್ತದೆ. ಹೊಲದ ಹೆಸರಿಗೆ ಕಾಗದವಿಲ್ಲ, ಅಲ್ಲಿರುವುದು ಸರ್ವೆ ನಂಬರ್ ಮಾತ್ರ. ಹೊಲ ಬಡಾವಣೆಯಾದ ದಿನ ಅದರ ಹೆಸರೂ ಹೋಗುತ್ತದೆ. ಅದನ್ನು ಬಲ್ಲ ಹಿರಿಯರು ಇರುವಾಗಲೇ ಬರೆದುಕೊಳ್ಳಬೇಕು.

ಕಥೆ ಇತಿಹಾಸವಲ್ಲ ಎಂದ ಮಾತ್ರಕ್ಕೆ ಅದನ್ನು ಎಸೆಯಬಾರದು. ಚನ್ನಗಿರಿ ತಾಲ್ಲೂಕಿನ ದೊಡ್ಡ ಕೆರೆಗೆ ಜನ ಸೂಳೆಕೆರೆ ಎನ್ನುತ್ತಾರೆ, ಶಾಂತಿಸಾಗರ ಎಂಬ ಹೆಸರೂ ಇದೆ. ಕೆರೆ ಕಟ್ಟಿಸಲು ಹೊರಟ ರಾಜಕುಮಾರಿ ಶಾಂತವ್ವ ಅಲ್ಲಿದ್ದ ಸೂಳೆಯರ ನೆಲವನ್ನು ಕೇಳಿದಳಂತೆ. ಕೆರೆಗೆ ನಮ್ಮ ಹೆಸರನ್ನೇ ಇಡುವುದಾದರೆ ಬಿಟ್ಟುಕೊಡುತ್ತೇವೆ ಎಂದರಂತೆ ಅವರು. ಇದು ನಡೆದದ್ದೋ ಇಲ್ಲವೋ, ನೆಲ ಕೊಟ್ಟ ಹೆಂಗಸರ ಋಣವನ್ನು ಊರು ಒಪ್ಪಿಕೊಂಡಿದೆ ಎಂಬುದು ಕಥೆಯಲ್ಲಿ ಸ್ಪಷ್ಟವಾಗಿದೆ. ಕೇಳಲು ಮುಜುಗರವಾಗುವ ಹೆಸರನ್ನು ನಿಮ್ಮ ಪುಸ್ತಕದಲ್ಲಿ ಶುದ್ಧಿ ಮಾಡಲು ಹೋಗಬೇಡಿ, ಇದ್ದ ಹಾಗೆಯೇ ಬರೆಯಿರಿ. ಯಾರು ಹೇಳಿದರು, ಅವರ ವಯಸ್ಸು ಎಷ್ಟು, ಯಾವ ದಿನ ಹೇಳಿದರು ಎಂಬುದು ಪಕ್ಕದಲ್ಲಿರಲಿ. ಕಥೆಯ ಪುಟ ಮತ್ತು ಆಧಾರದ ಪುಟ ಮಾತ್ರ ಎಂದಿಗೂ ಬೆರೆಯಬಾರದು.

ಹೆಜ್ಜೆ 3: ಕಂದಾಯದ ಕಾಗದಗಳನ್ನು ನೋಡಿ

ಭೂದಾಖಲೆಗಳ ಇಲಾಖೆಯಲ್ಲಿ ಪ್ರತಿ ಕಂದಾಯ ಗ್ರಾಮದ ನಕಾಶೆ ಸಿಗುತ್ತದೆ, ಹೆಚ್ಚಿನವು ಅಂತರ್ಜಾಲದಲ್ಲೂ ಇವೆ. ನಕಾಶೆಯಲ್ಲಿ ಊರ ಗಡಿ, ಕೆರೆ, ಹಳ್ಳ, ಹಳೆಯ ದಾರಿ, ಗ್ರಾಮಠಾಣಾ ಎಲ್ಲಿವೆ ಎಂದು ಗುರುತಿಸಿಕೊಳ್ಳಿ. ಹೋಬಳಿಯ ಗ್ರಾಮಗಳ ಪಟ್ಟಿಯಲ್ಲಿ ಎರಡು ಪದಗಳನ್ನು ವಿಶೇಷವಾಗಿ ಹುಡುಕಬೇಕು. ಒಂದು ಮಜರೆ, ಅಂದರೆ ದೊಡ್ಡ ಗ್ರಾಮದ ಲೆಕ್ಕಕ್ಕೆ ಸೇರಿದ ಸಣ್ಣ ಜನವಸತಿ. ಇನ್ನೊಂದು ಬೇಚಿರಾಕ್. ದೀಪವಿಲ್ಲದ್ದು ಎಂಬರ್ಥದ ಪಾರಸಿ ಪದ ಇದು. ಕಾಗದದಲ್ಲಿ ಗ್ರಾಮ ಇದೆ, ಜಮೀನಿದೆ, ಆದರೆ ಒಂದು ಮನೆಯೂ ಇಲ್ಲ. ಬರವೋ ರೋಗವೋ ದಾಳಿಯೋ ಬಂದು ಜನ ಎದ್ದುಹೋದ ಇಂಥ ಊರುಗಳ ಹೆಸರು ಬಾಯಿಮಾತಿನಲ್ಲಿ ಉಳಿಯುವುದು ಕಷ್ಟ, ಕಂದಾಯದ ಪಟ್ಟಿಯಲ್ಲಿ ಮಾತ್ರ ಉಳಿದಿರುತ್ತದೆ. ನಿಮ್ಮ ಊರಿನವರ ಮೂಲ ಅಂಥ ಒಂದು ಬೇಚಿರಾಕ್ ಗ್ರಾಮವೇ ಆಗಿರಬಹುದು.

ಹೆಸರಿನ ಹಿಂದುಮುಂದಿನ ಬಾಲಗಳು ಆಡಳಿತದ ಕುರುಹುಗಳು. ಬೀದರ್ ಜಿಲ್ಲೆಯಲ್ಲಿ ಹಳ್ಳಿಖೇಡ ಬಿ ಮತ್ತು ಹಳ್ಳಿಖೇಡ ಕೆ ಎಂಬ ಎರಡು ಊರುಗಳಿವೆ. ಹೊಸಬರಿಗೆ ಇದು ಶಾಲೆಯ ಸೆಕ್ಷನ್ನಿನಂತೆ ಕೇಳಿಸುತ್ತದೆ. ಬಿ ಎಂದರೆ ಬುಜುರ್ಗ್, ಹಿರಿದು. ಕೆ ಎಂದರೆ ಖುರ್ದ್, ಕಿರಿದು. ಮರಾಠಿಯ ಸೀಮೆಯಲ್ಲಿ ಬುಜುರ್ಗ್ ಬುದ್ರುಕ್ ಆಗಿದೆ. ದಕ್ಷಿಣದಲ್ಲಿ ಹಿರೇ, ಚಿಕ್ಕ, ದೊಡ್ಡ ಎಂದು ಹೇಳುವುದನ್ನೇ ಸುಲ್ತಾನರ ಕಾಲದ ಕಂದಾಯ ಭಾಷೆ ಅಲ್ಲಿ ಹೀಗೆ ಹೇಳಿದೆ. ಅಗ್ರಹಾರ, ಉಂಬಳಿ, ಕಾವಲು ಮುಂತಾದವು ಆ ನೆಲ ಯಾವ ಷರತ್ತಿನ ಮೇಲೆ ಯಾರ ಕೈಯಲ್ಲಿತ್ತು ಎಂಬುದನ್ನು ಹೇಳುತ್ತವೆ. ಈ ಬಾಲಗಳನ್ನು ಕಳಚಿ, ಉಳಿದ ತಿರುಳನ್ನು ಬೇರೆಯಾಗಿ ಬರೆದುಕೊಳ್ಳಿ.

ಹೆಜ್ಜೆ 4: ಶಾಸನಕ್ಕೆ ಹೋಗಿ

ಇಡೀ ಕೆಲಸದ ಬೆನ್ನೆಲುಬು ಇದು. ಬಿ.ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳ ಸಂಪುಟದಿಂದ ಆರಂಭಿಸಿ ಹಳೆಯ ಮೈಸೂರು ಸೀಮೆಯ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಿಂದ ಅದರ ಪರಿಷ್ಕೃತ ಸಂಪುಟಗಳನ್ನು ತಂದಿದೆ. ಉತ್ತರ ಕರ್ನಾಟಕದ ಶಾಸನಗಳಿಗೆ ಕೇಂದ್ರ ಪುರಾತತ್ವ ಇಲಾಖೆಯ ದಕ್ಷಿಣ ಭಾರತದ ಶಾಸನ ಸಂಪುಟಗಳನ್ನೂ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಸಂಪುಟಗಳನ್ನೂ ನೋಡಬೇಕು. ರೈಸ್ ಅವರ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಹುಡುಕುವ ಕ್ರಮ ಸರಳ. ಸಂಪುಟಗಳು ಜಿಲ್ಲಾವಾರು, ಒಳಗೆ ತಾಲ್ಲೂಕುವಾರು. ಮೊದಲು ನಿಮ್ಮ ಊರಿನ ತಾಲ್ಲೂಕಿನ ಭಾಗವನ್ನು ತೆರೆಯಿರಿ. ಊರು ಆ ಕಾಲದಲ್ಲಿ ಬೇರೆ ತಾಲ್ಲೂಕಿನಲ್ಲಿ ಇದ್ದಿರಬಹುದು, ಹಾಗಾಗಿ ನೆರೆಯ ತಾಲ್ಲೂಕುಗಳನ್ನೂ ಬಿಡಬೇಡಿ. ನಿಮ್ಮ ಊರಿನಲ್ಲಿ ಶಾಸನವೇ ಇಲ್ಲದಿದ್ದರೆ ನಿರಾಶರಾಗಬೇಕಿಲ್ಲ. ಪಕ್ಕದ ಊರಿನ ದಾನಶಾಸನದಲ್ಲಿ ನೆಲದ ಎಲ್ಲೆ ಹೇಳುವಾಗ ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ನಾಲ್ಕು ದಿಕ್ಕಿನ ಗುರುತುಗಳು ಬರುತ್ತವೆ: ಕೆರೆಯ ಏರಿ, ಹುಣಿಸೆಮರ, ಹುತ್ತ, ನಟ್ಟ ಕಲ್ಲು, ನೆರೆಯೂರಿನ ಗಡಿ. ಆ ನೆರೆಯೂರು ನಿಮ್ಮದೇ ಆಗಿರುವ ಸಂಭವ ಸಾಕಷ್ಟಿದೆ. ದಿಕ್ಕನ್ನು ನಕಾಶೆಯ ಮೇಲೆ ಇಟ್ಟು ನೋಡಿದರೆ ಗೊತ್ತಾಗುತ್ತದೆ.

ಶಾಸನದಲ್ಲಿ ಊರು, ಸೀಮೆಗಳ ಹೆಸರಿನ ಮುಂದೆ ಸಂಖ್ಯೆ ಬಂದರೆ ಗಾಬರಿ ಬೇಡ. ಬನವಾಸಿ 12000, ಗಂಗವಾಡಿ 96000, ಬೆಳ್ವೊಲ 300 ಎಂಬಂಥವು ಆಡಳಿತ ವಿಭಾಗದ ಹೆಸರುಗಳು, ಸಂಖ್ಯೆ ಆ ಹೆಸರಿನ ಭಾಗ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಬೆಂಗಳೂರಿನ ಹೆಬ್ಬಾಳ ಇಂದು ಮೇಲುಸೇತುವೆ ಮತ್ತು ವಾಹನ ದಟ್ಟಣೆಗೆ ಹೆಸರುವಾಸಿ. ಅಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಕಿತ್ತಯ್ಯ ಎಂಬ ವೀರನ ಹೆಸರಿನ ಕಲ್ಲು ಅದು, ಗಂಗ ಶ್ರೀಪುರುಷನ ಆಳ್ವಿಕೆಯದು, ಸುಮಾರು ಕ್ರಿ.ಶ. 750ರದು. ಅದರಲ್ಲಿ ಪೆರ್ಬೊಳಲ್ ನಾಡು 30 ಎಂದಿದೆ. ಪೆರ್ ಎಂದರೆ ಪಿರಿದು, ದೊಡ್ಡದು. ಪೊೞಲ್ (ೞ ಈಗ ಬಳಕೆಯಲ್ಲಿಲ್ಲದ ಹಳಗನ್ನಡದ ಅಕ್ಷರ) ಎಂದರೆ ಪಟ್ಟಣ. ಪೆರ್ಬೊಳಲ್ ಎಂದರೆ ದೊಡ್ಡ ಪಟ್ಟಣ. ಮೊದಲ ಪಕಾರ ಹಕಾರವಾಗಿ, ರಕಾರ ಮುಂದಿನ ಬಕಾರದಲ್ಲಿ ಕರಗಿ ಒತ್ತಾಗಿ, ಕೊನೆಯ ಅಕ್ಷರ ಸವೆದು ಹೆಬ್ಬಾಳವಾಗಿದೆ. ಬೆಂಗಳೂರು ಇನ್ನೂ ನಗರವಾಗದ ಕಾಲದಲ್ಲಿ ಹೆಬ್ಬಾಳ ಒಂದು ನಾಡಿಗೆ ಹೆಸರು ಕೊಡುವಷ್ಟು ದೊಡ್ಡ ಪಟ್ಟಣವಾಗಿತ್ತು. ಇಂದಿನ ಹೆಸರನ್ನು ಒಡೆದು ಕುಳಿತಿದ್ದರೆ ಇದು ಯಾರಿಗೂ ಹೊಳೆಯುತ್ತಿರಲಿಲ್ಲ.

ಬೆಂಗಳೂರಿನ ಕಥೆಯನ್ನೂ ಕಲ್ಲೇ ಇತ್ಯರ್ಥ ಮಾಡಿದೆ. ಬೇಟೆಗೆ ಬಂದು ದಾರಿ ತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಎಂಬ ಮಾತು ಎಲ್ಲರಿಗೂ ಗೊತ್ತು. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 12ನೆಯ ಶತಮಾನದ ಉತ್ತರಾರ್ಧದಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು 890ರ ಗಂಗರ ಕಾಲದ ಶಾಸನವೊಂದು ಬೆಂಗಳೂರಿನಲ್ಲಿ ನಡೆದ ಕಾಳಗವನ್ನು ಹೆಸರಿಸಿ ಹೇಳುತ್ತದೆ. ದೊರೆ ಹುಟ್ಟುವ ಎರಡೂವರೆ ಶತಮಾನ ಮೊದಲೇ ಊರಿಗೆ ಹೆಸರಿತ್ತು. ಕಥೆಯಲ್ಲಿ ಬರುವ ವ್ಯಕ್ತಿಯ ಕಾಲ ಮತ್ತು ಹೆಸರಿನ ಮೊದಲ ದಾಖಲೆಯ ಕಾಲ, ಈ ಎರಡನ್ನು ಪಕ್ಕಪಕ್ಕ ಬರೆಯುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಊರಿನಲ್ಲಿ ಪ್ರಕಟವಾಗದ ಕಲ್ಲು ಸಿಕ್ಕರೆ ನೀರು ಮತ್ತು ಮೆತ್ತನೆಯ ಬ್ರಷ್ ಬಿಟ್ಟು ಬೇರೇನನ್ನೂ ಹಚ್ಚಬೇಡಿ. ಸೀಮೆಸುಣ್ಣ ಉಜ್ಜುವುದು, ಎಣ್ಣೆ ಬಳಿಯುವುದು, ಮೊಳೆಯಿಂದ ಅಕ್ಷರ ಕೆರೆಯುವುದು ಕಲ್ಲಿಗೆ ಮಾಡುವ ದ್ರೋಹ. ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ಹಲವು ಕೋನಗಳಿಂದ ಫೋಟೋ ತೆಗೆಯಿರಿ. ನಡುಹಗಲಿನಲ್ಲಿ ಕಾಣದ ಅಕ್ಷರ ಆಗ ಎದ್ದು ಕಾಣುತ್ತದೆ. ಓದುವ ಕೆಲಸವನ್ನು ಶಾಸನತಜ್ಞರಿಗೆ ಒಪ್ಪಿಸಿ, ಕಲ್ಲನ್ನು ಇದ್ದ ಜಾಗದಿಂದ ಕದಲಿಸಬೇಡಿ.

ಶಾಸನದ ನಂತರದ ಕಾಲಕ್ಕೆ ಕೈಫಿಯತ್ತುಗಳಿವೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಸರ್ವೆ ನಡೆಸಿದ ಕಾಲಿನ್ ಮೆಕೆಂಜಿ, ಊರೂರಿನ ಶಾನುಭೋಗರು ಮತ್ತು ಹಿರಿಯರಿಂದ ಸ್ಥಳದ ವೃತ್ತಾಂತ ಬರೆಸಿಕೊಂಡ. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿಕೊಟ್ಟಿದ್ದಾರೆ. 1800-01ರಲ್ಲಿ ಇದೇ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ದಾರಿಯಲ್ಲಿ ಸಿಕ್ಕ ಊರುಗಳನ್ನು ಹೆಸರಿಸಿ ದಿನಚರಿ ಬರೆದಿದ್ದಾನೆ. ಅವನ ಕಾಗುಣಿತ ಅಂದಾಜಿನದು, ಆದರೆ ಇನ್ನೂರು ವರ್ಷದ ಹಿಂದಿನ ಉಚ್ಚಾರ ಅದರಲ್ಲಿ ಇಣುಕುತ್ತದೆ.

ಹೆಜ್ಜೆ 5: ಅಕ್ಷರಗಳು ಹೇಗೆ ಬದಲಾದವು ಎಂದು ಲೆಕ್ಕ ಹಾಕಿ

ಹಳಗನ್ನಡದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು. ಪಾಲು ಹಾಲಾಯಿತು, ಪೊನ್ನು ಹೊನ್ನಾಯಿತು, ಪಳ್ಳಿ ಹಳ್ಳಿಯಾಯಿತು. ಊರುಗಳೂ ಅದೇ ದಾರಿ ಹಿಡಿದವು: ಪಾನುಂಗಲ್ ಹಾನಗಲ್ ಆಯಿತು, ಪಂಪೆ ಹಂಪೆಯಾಯಿತು, ಪೊಂಬುರ್ಚ ಹೊಂಬುಜವಾಗಿ ಕೊನೆಗೆ ಹುಂಚವಾಯಿತು. ನಿಮ್ಮ ಊರಿನ ಹೆಸರು ಹಕಾರದಿಂದ ಆರಂಭವಾಗುತ್ತಿದ್ದರೆ ಶಾಸನದ ಸೂಚಿಯಲ್ಲಿ ಪಕಾರದ ಕೆಳಗೂ ಹುಡುಕಬೇಕು. ಹೊಸಬರು ಶಾಸನದಲ್ಲಿ ಊರು ಸಿಗಲಿಲ್ಲ ಎಂದು ಕೈಬಿಡುವುದು ಹೆಚ್ಚಾಗಿ ಇಲ್ಲಿಯೇ.

ಎರಡನೆಯದು ಶಾಲೆಯಲ್ಲಿ ಕಲಿತ ಆದೇಶ ಸಂಧಿ. ಸಮಾಸದ ಎರಡನೆಯ ಪದದ ಮೊದಲಿನ ಕ, ತ, ಪ ಗಳು ಗ, ದ, ಬ ಆಗುತ್ತವೆ, ಪಕಾರ ವಕಾರವೂ ಆಗುತ್ತದೆ. ಕೆರೆ ಗೆರೆಯಾಗಿ ಹುಲಿಗೆರೆ, ಕಲ್ಲು ಗಲ್ಲಾಗಿ ಹಾನಗಲ್. ಹಾಗಾಗಿ ಹೆಸರಿನ ಕೊನೆಯಲ್ಲಿ ಗೆರೆ ಕಂಡರೆ ರೇಖೆಯನ್ನು ಹುಡುಕಬೇಡಿ, ಕೆರೆಯನ್ನು ಹುಡುಕಿ.

ಈ ಎರಡೂ ಬದಲಾವಣೆಗಳು ಒಂದೇ ಕಲ್ಲಿನಲ್ಲಿ ಕಾಣಸಿಗುತ್ತವೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಸುಮಾರು ಕ್ರಿ.ಶ. 450ರ, ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ ಇದು, ಯುದ್ಧದಲ್ಲಿ ಗೆದ್ದ ವಿಜ ಅರಸನಿಗೆ ಪಲ್ಮಡಿ ಮತ್ತು ಮೂೞಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗೞ್ಚು, ಅಂದರೆ ವೀರನಿಗೆ ಕೊಡುವ ದಾನ, ಎಂದು ಕೊಟ್ಟದ್ದನ್ನು ಹೇಳುತ್ತದೆ. ಪಲ್ಮಡಿಯೇ ಇಂದಿನ ಹಲ್ಮಿಡಿ. ಮೂೞಿವಳ್ಳಿಯಲ್ಲಿ ಪಳ್ಳಿ ಆಗಲೇ ವಳ್ಳಿಯಾಗಿ ಕುಳಿತಿದೆ. ಒಂದು ಸಣ್ಣ ಹಳ್ಳಿ ತನ್ನ ಹೆಸರನ್ನು ಹದಿನೈದು ನೂರು ವರ್ಷ ಹೊತ್ತುಕೊಂಡು ಬಂದಿದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ಮೂರನೆಯದು ಕಳೆದುಹೋದ ಅಕ್ಷರಗಳು. ಹಳಗನ್ನಡದಲ್ಲಿ ರಕಾರ ಎರಡಿದ್ದವು, ಸಾಮಾನ್ಯ ಳಕಾರದ ಜೊತೆಗೆ ೞಕಾರವಿತ್ತು. ಇಂದು ಒಂದೇ ರೀತಿ ಕಾಣುವ ಎರಡು ಪದಗಳು ಆಗ ಬೇರೆ ಬೇರೆ ಅಕ್ಷರದಲ್ಲಿ ಇದ್ದಿರಬಹುದು. ಮುದ್ರಿತ ಶಾಸನಪಾಠದಲ್ಲಿ ೞ, ಱ ಕಂಡರೆ ಅವನ್ನು ಹಾಗೆಯೇ ನಕಲು ಮಾಡಿಕೊಳ್ಳಿ, ಇಂದಿನ ಅಕ್ಷರಕ್ಕೆ ತಿರುಗಿಸಬೇಡಿ.

ನಿಘಂಟು ತೆರೆಯುವುದು ಈಗ. ಕಿಟ್ಟೆಲ್ ಅವರ 1894ರ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು, ಕರಾವಳಿಯವರಿಗೆ ಉಡುಪಿಯಲ್ಲಿ ಸಿದ್ಧವಾದ ತುಳು ನಿಘಂಟು. ಹಳೆಯ ರೂಪ ಕೈಯಲ್ಲಿ ಇಲ್ಲದೆ ನಿಘಂಟಿಗೆ ಹೋದರೆ ಬೇಕಾದ ಅರ್ಥವನ್ನು ಆರಿಸಿಕೊಳ್ಳುವ ಆಸೆ ತಡೆಯುವುದು ಕಷ್ಟ. ಒಂದಕ್ಕಿಂತ ಹೆಚ್ಚು ಅರ್ಥ ಹೊಂದುವ ಹೆಸರುಗಳೂ ಇವೆ. ಆನೇಕಲ್ಲಿನಲ್ಲಿ ಆನೆಯೂ ಕಲ್ಲೂ ಕಾಣುತ್ತವೆ, ಆದರೆ ಆನೆಕಲ್ಲು ಎಂದರೆ ಆಲಿಕಲ್ಲು ಎಂಬ ಅರ್ಥವೂ ಕನ್ನಡದಲ್ಲಿದೆ. ಹೀಗಾದಾಗ ಎರಡನ್ನೂ ಬರೆದು ಬಿಡಿ.

ಹೆಜ್ಜೆ 6: ನೆಲದ ಮೇಲೆ ನಡೆಯಿರಿ

ಊರ ಹೆಸರುಗಳು ಬಹಳಷ್ಟು ಸಲ ನೀರು, ಮಣ್ಣು, ಮರ, ಕಲ್ಲುಗಳ ವರದಿ. ಮೇಜಿನ ಮುಂದೆ ಒಪ್ಪುವಂತೆ ತೋರುವ ಅರ್ಥ ಸ್ಥಳಕ್ಕೆ ಹೋದಾಗ ಬಿದ್ದುಹೋಗಬಹುದು. ಹೆಸರು ಕೆಂಪು ಎನ್ನುತ್ತಿದ್ದರೆ ಮಣ್ಣಾಗಲಿ ಬಂಡೆಯಾಗಲಿ ಕೆಂಪಾಗಿದೆಯೇ ನೋಡಿ. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್, ಕೆಂಪು ಪಟ್ಟಣ. ಮಲಪ್ರಭೆಯ ದಡದ ಆ ಕೆಂಪು ಮರಳುಗಲ್ಲನ್ನು ಕಂಡವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಶ್ರವಣಬೆಳಗೊಳದ ಬೆಳಗೊಳ ಬಿಳಿಯ ಕೊಳ, ಊರ ನಡುವಿನ ಕಲ್ಯಾಣಿಯೇ ಅದರ ಸಾಕ್ಷಿ.

ಬೆಂಗಳೂರಿನ ಸುತ್ತ ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ, ತಿಪ್ಪಸಂದ್ರ ಎಂದು ಸಂದ್ರಗಳ ಸಾಲೇ ಇದೆ. ಸಂದ್ರ ಎಂದರೆ ಸಮುದ್ರ. ದೊಡ್ಡ ಕೆರೆ ಕಟ್ಟಿಸಿದವರು ಅದನ್ನು ಸಮುದ್ರ ಎಂದೇ ಕರೆದರು. ಹಳೇಬೀಡಿನ ಹಿಂದಿನ ಹೆಸರಾದ ದೋರಸಮುದ್ರದಲ್ಲಿರುವುದೂ ಇದೇ ಕೆರೆಯ ಸಮುದ್ರ. ಸಂದ್ರ ಎಂದು ಕೊನೆಗೊಳ್ಳುವ ಬಡಾವಣೆಯಲ್ಲಿ ಇಂದು ನೀರಿನ ಹನಿ ಕಾಣದಿದ್ದರೂ ಹಳೆಯ ನಕಾಶೆಯಲ್ಲಿ ಕೆರೆಯ ಅಂಗಳವನ್ನು ಹುಡುಕಿ ನೋಡಿ. ಮಳೆಗಾಲದಲ್ಲಿ ಅಲ್ಲಿಯ ತಗ್ಗಿನ ರಸ್ತೆಗಳಿಗೆ ನೀರು ಏಕೆ ನುಗ್ಗುತ್ತದೆ ಎಂಬುದಕ್ಕೂ ಉತ್ತರ ಸಿಕ್ಕೀತು.

ಕರಾವಳಿಯಲ್ಲಿ ನೆಲದ ಮಟ್ಟವೇ ಹೆಸರಾಗಿದೆ. ಬೈಲು ತಗ್ಗಿನ, ನೀರು ನಿಲ್ಲುವ ಗದ್ದೆ. ಮಜಲು ನಡುಮಟ್ಟದ್ದು. ಬೆಟ್ಟು ಮಳೆಯನ್ನೇ ನಂಬಿದ ಎತ್ತರದ ಗದ್ದೆ. ಪದವು ಮೇಲಿನ ಬಯಲು. ಕುದ್ರು ಎಂದರೆ ನದಿಯ ನಡುವಿನ ನಡುಗಡ್ಡೆ; ಘಟ್ಟದ ಮೇಲಿನವರು ಅದರಲ್ಲಿ ಕುದುರೆಯನ್ನು ಕಂಡರೆ ಆಶ್ಚರ್ಯವಿಲ್ಲ. ದಿಕ್ಕುಗಳೂ ಹೀಗೆಯೇ. ಮೂಡಬಿದಿರೆ ಮೂಡಣ ಬಿದಿರು, ಪಡುಬಿದ್ರಿ ಪಡುವಣ ಬಿದಿರು. ಬಡಗ ಎಡಪದವು, ತೆಂಕ ಎಡಪದವು ಎಂಬ ಜೋಡಿಯಂತೂ ನಕ್ಷೆಯಿಲ್ಲದೆ ದಾರಿ ತೋರಿಸುತ್ತದೆ. ಹೆಸರಿನಲ್ಲಿ ದಿಕ್ಕು ಕಂಡರೆ ಅದರ ಜೋಡಿ ಊರನ್ನು ಎದುರು ದಿಕ್ಕಿನಲ್ಲಿ ಹುಡುಕಿ. ಜೋಡಿ ಸಿಕ್ಕಿದರೆ ನಿಮ್ಮ ಅರ್ಥಕ್ಕೆ ಬಲ ಬಂದಂತೆ.

ಹೆಜ್ಜೆ 7: ಹೆಸರು ಬದಲಾಗಿರಬಹುದು, ಅನುವಾದವೂ ಆಗಿರಬಹುದು

ಹಳೆಯ ರೂಪ ಎಲ್ಲಿಯೂ ಸಿಗದಿದ್ದರೆ ಊರಿಗೆ ಮೊದಲು ಬೇರೆಯೇ ಹೆಸರಿತ್ತೇ ಎಂದು ಯೋಚಿಸಬೇಕು. ಪುಲಿಗೆರೆ ಈಗ ಲಕ್ಷ್ಮೇಶ್ವರ. 9ನೆಯ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ, ಅಂದರೆ ಅಚ್ಚ ಕನ್ನಡದ, ಸೀಮೆಯನ್ನು ಗುರುತಿಸಲು ಹೆಸರಿಸಿದ ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳಲ್ಲಿ ಕೊಪಣ ಮತ್ತು ಒಂಕುಂದ ಮಾತ್ರ ಕೊಪ್ಪಳ, ಒಕ್ಕುಂದ ಎಂದು ಗುರುತು ಸಿಗುವಂತೆ ಉಳಿದಿವೆ. ಮಂಡ್ಯ ಜಿಲ್ಲೆಯ ಹಿರೋಡೆ, ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ನೆಲೆಸಿದ್ದರಿಂದ ಫ್ರೆಂಚ್ ರಾಕ್ಸ್ ಆಯಿತು, ಈಗ ಪಾಂಡವಪುರ. ಪಾಂಡವರನ್ನು ಮಾತ್ರ ಬಲ್ಲವರಿಗೆ ನಡುವಿನ ಫ್ರೆಂಚರು ಕಾಣುವುದೇ ಇಲ್ಲ. ರಾಮನಗರ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಿಂದ ಕ್ಲೋಸ್‌ಪೇಟೆಯಾಗಿತ್ತು. ಆ ಹೆಸರು ಊರಿನಿಂದ ಹೋಗಿದೆ, ಆದರೆ ಅಲ್ಲಿಯ ಬಂಡೆಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ.

ಅನುವಾದದ ಬಲೆ ಇದಕ್ಕಿಂತ ಸೂಕ್ಷ್ಮ. ಸಂಸ್ಕೃತದಲ್ಲಿ ಬರೆದ ಪಂಡಿತರು ಬಿದಿರನ್ನು ವೇಣು ಮಾಡಿದರು. ಮೂಡಬಿದಿರೆಯೂ ವೇಣುಪುರ, ಕೆಳದಿ ಅರಸರ ಬಿದನೂರೂ ವೇಣುಪುರ, ಬೆಳಗಾವಿ ವೇಣುಗ್ರಾಮ. ಬರಿಯ ವೇಣುಪುರ ಎಂಬ ಹೆಸರು ಕಂಡಾಗ ಶಾಸನ ಸಿಕ್ಕ ಸ್ಥಳ, ಅದರಲ್ಲಿ ಬರುವ ಅರಸು, ನೆರೆಯ ಊರುಗಳು ಇವನ್ನು ನೋಡಿ ಯಾವ ಬಿದಿರೂರು ಎಂದು ತೀರ್ಮಾನಿಸಬೇಕು. ಬಿದನೂರಿನ ಮುಂದಿನ ಕಥೆಯೂ ಇದೆ. 1763ರಲ್ಲಿ ಹೈದರ್ ಅದನ್ನು ಗೆದ್ದು ಹೈದರನಗರ ಎಂದ, ಕಾಲಾಂತರದಲ್ಲಿ ಹೈದರನೂ ಕಳಚಿ ಈಗ ಬರಿಯ ನಗರ. ಹೊಸನಗರ ತಾಲ್ಲೂಕಿನ ಆ ಪುಟ್ಟ ಊರಿಗೆ ನಗರ ಎಂಬ ಹೆಸರು ಏಕೆ ಎಂದು ಬೆರಗಾಗುವವರಿಗೆ ಉತ್ತರ ಈ ಸರಣಿಯಲ್ಲಿದೆ.

ಸಂಸ್ಕೃತದ ಚೆಂದದ ಹೆಸರು ಮತ್ತು ಕನ್ನಡದ ಒರಟು ಹೆಸರು ಎರಡೂ ಸಿಕ್ಕಾಗ ಸಂಸ್ಕೃತದ್ದೇ ಮೂಲ, ಕನ್ನಡದ್ದು ಅದರ ಅಪಭ್ರಂಶ ಎಂದು ಹೇಳುವ ರೂಢಿ ನಮ್ಮಲ್ಲಿ ಬಲವಾಗಿದೆ. ನನ್ನ ಅಭಿಪ್ರಾಯದಲ್ಲಿ ಮೊದಲು ಕನ್ನಡದ ಹೆಸರಿಗೇ ಮಣೆ ಹಾಕಬೇಕು, ಸಂಸ್ಕೃತದ್ದು ಹಳೆಯದೆಂದು ಹೇಳುವವರು ಆಧಾರ ತೋರಿಸಬೇಕು. ಸ್ಥಳನಾಮಗಳ ಮೂಲಕ ಕನ್ನಡದ ಹಳೆಯ ನೆಲೆಗಳನ್ನು ಹುಡುಕಿದ ಶಂ.ಬಾ. ಜೋಶಿಯವರ ದುಡಿಮೆಯಿಂದ ನಾವು ಕಲಿಯಬೇಕಾದ ದಿಟ್ಟತನ ಇದು.

ಹೆಜ್ಜೆ 8: ಬರೆದಿಡಿ, ಒಪ್ಪಿಸಿ

ಪ್ರತಿ ಹೆಸರಿಗೆ ಒಂದು ಪುಟ ಸಾಕು. ಮೇಲೆ ಇಂದಿನ ರೂಪ ಮತ್ತು ಊರಿನವರ ಉಚ್ಚಾರ, ಕೆಳಗೆ ಹಳೆಯ ರೂಪಗಳು ಕಾಲದ ಕ್ರಮದಲ್ಲಿ, ಪ್ರತಿಯೊಂದರ ಮುಂದೆ ಸಂಪುಟ, ತಾಲ್ಲೂಕು ಮತ್ತು ಶಾಸನದ ಸಂಖ್ಯೆ. ನಂತರ ನೆಲದ ವಿವರ, ಜನರ ಕಥೆ, ಕೊನೆಯಲ್ಲಿ ನಿಮ್ಮ ಊಹೆ. ಊಹೆಯನ್ನು ಖಚಿತ, ಸಂಭಾವ್ಯ, ಗೊತ್ತಿಲ್ಲ ಎಂದು ಮೂರು ದರ್ಜೆಯಲ್ಲಿ ಗುರುತಿಸಿ. ಗೊತ್ತಿಲ್ಲ ಎಂಬ ದರ್ಜೆಯ ಪುಟಕ್ಕೂ ಬೆಲೆಯಿದೆ, ನಾಳೆ ಒಂದು ಕಲ್ಲು ಸಿಕ್ಕರೆ ಮುಂದಿನವರು ಅಲ್ಲಿಂದಲೇ ಮುಂದುವರಿಯುತ್ತಾರೆ.

ಹೊಲ, ಕಟ್ಟೆ, ಹಳ್ಳಗಳ ಹೆಸರಿಗೆ ಸರ್ವೆ ನಂಬರನ್ನೂ ಮೊಬೈಲ್ ತೋರಿಸುವ ಅಕ್ಷಾಂಶ, ರೇಖಾಂಶಗಳನ್ನೂ ಸೇರಿಸಿ. ಹಿರಿಯರು ಒಪ್ಪಿದರೆ ಅವರ ಧ್ವನಿಯಲ್ಲೇ ಹೆಸರನ್ನು ದಾಖಲಿಸಿಕೊಳ್ಳಿ. ಒಂದು ಪ್ರತಿ ಊರಿನ ಶಾಲೆಗೆ, ಒಂದು ಪ್ರತಿ ಗ್ರಂಥಾಲಯಕ್ಕೆ, ಇನ್ನೊಂದು ತಾಲ್ಲೂಕಿನ ಕನ್ನಡ ಸಾಹಿತ್ಯ ಪರಿಷತ್ತಿಗೆ ಕೊಡಿ. ಭಾರತೀಯ ಸ್ಥಳನಾಮ ಅಧ್ಯಯನಕ್ಕೆಂದೇ ಮೈಸೂರಿನಲ್ಲಿ ಸ್ಥಳನಾಮ ಸಂಘವೊಂದು ರೂಪುಗೊಂಡಿತ್ತು, ಅದರ ನಿಯತಕಾಲಿಕದ ಹಳೆಯ ಸಂಚಿಕೆಗಳನ್ನು ವಿಶ್ವವಿದ್ಯಾನಿಲಯದ ಗ್ರಂಥಾಲಯಗಳಲ್ಲಿ ವಿಚಾರಿಸಿದರೆ ನಿಮ್ಮ ಸೀಮೆಯ ಬಗ್ಗೆ ಯಾರಾದರೂ ಮೊದಲೇ ಬರೆದಿದ್ದಾರೆಯೇ ಎಂದು ತಿಳಿಯಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್‌ನಂಥ ಮುಕ್ತ ನಕ್ಷೆಗೆ ಹೆಸರು ಸೇರಿಸುವಾಗ ಕನ್ನಡದ ಹೆಸರಿಗೆ ಬೇರೆಯೇ ಜಾಗವಿರುತ್ತದೆ. ಅಲ್ಲಿ ಇಂಗ್ಲಿಷಿನಿಂದ ತಾನಾಗಿ ಬಂದ ಲಿಪ್ಯಂತರವನ್ನು ಬಿಡದೆ ಅಳಿಸಿ, ಊರಿನವರು ಹೇಳಿದ ರೂಪವನ್ನು ಳಕಾರ, ಣಕಾರ, ದೀರ್ಘಗಳ ಸಮೇತ ಕೈಯಾರೆ ಟೈಪ್ ಮಾಡಿ.